ನಾನು ತುಂಬದ ಉಡಿ

ಸಿಂದಗಿ, ಜನವರಿ ೨೦೦೧

ವೈನಿ,

ಅಣ್ಣನ ಹೆಂಡತಿಯಾಗಿ ನಮ್ಮ ಮನೆಗೆ ಬಂದ ನೀನು ತೀರಿಹೋಗಿ ನಾಲ್ಕು ವರ್ಷವಾಯಿತು. ಬದುಕಿದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಗರ್ಭಕೋಶದ ಬಾಯಿಯ ಕ್ಯಾನ್ಸರಿಗೂ ಒಂದು ವೈರಸ್ಸಿಗೂ ಇರುವ ನಂಟನ್ನು ನಮ್ಮ ಹಳ್ಳಿಗಳಲ್ಲಿ ಹುಡುಕುತ್ತಿರುವ ಡಾಕ್ಟರರ ಜೊತೆ ನರ್ಸಾಗಿ ತಿರುಗುತ್ತಿದ್ದೇನೆ. ಇವತ್ತು ಝಳಕಿಯಲ್ಲಿ ದುರ್ಗವ್ವ ಎಂಬವಳಿಗೆ ಆ ಸೋಂಕು ಇದೆಯೆಂದು ತಿಳಿಸಿದೆವು. ಜೊತೆಗೆ ಬಂದಿದ್ದ ಅತ್ತೆ ಕೇಳಿಯೇಬಿಟ್ಟಳು: "ಎಲ್ಲಿ ಹಚ್ಚಿಕೊಂಡ್ ಬಂದಿ ಇದನ್ನ?"

ಅದು ನನ್ನದೇ ಮಾತು, ವೈನಿ. ಅದೇ ಕ್ಯಾನ್ಸರಿನಲ್ಲಿ ಮಲಗಿದ್ದ ನಿನ್ನ ಹಾಸಿಗೆಯ ಪಕ್ಕ ನಿಂತು ನಾನೂ ಹೀಗೇ ಕೇಳಿದ್ದೆ. ಮುತ್ತೈದೆಯಾಗಿ ಹೋದ ನಿನ್ನ ಉಡಿ ತುಂಬಲು ಓಣಿಯ ಹೆಂಗಸರು ಕರೆದಾಗ, ಮುಟ್ಟಾಗಿದ್ದೇನೆ ಎಂದು ಸುಳ್ಳು ಹೇಳಿ ಹಿತ್ತಲಿಗೆ ಹೋಗಿ ಕೂತಿದ್ದೆ.

ಇವತ್ತು ಮಾತ್ರ ಗಟ್ಟಿಯಾಗಿ ಹೇಳಿದೆ: "ಯವ್ವಾ, ಇದು ಗಂಡನಿಂದನೂ ಬರ್ತೈತ್ರಿ. ಊರೂರು ತಿರುಗಾವ್ರು ಗಂಡಸರು, ಬೈಸಿಕೊಳ್ಳಾಕ ಇಕಿ. ಇಕಿದೇನೂ ತಪ್ಪಿಲ್ರಿ."

ದುರ್ಗವ್ವ ನನ್ನ ಕೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ನನಗೋ ಬಿಡಿಸಿಕೊಂಡು ಓಡಬೇಕೆನಿಸಿತು.

ಮನೆಗೆ ಬಂದರೆ ಅಣ್ಣ ಬಂದಿದ್ದ. ನೀನು ಹೋದ ಮೇಲೆ, ಸೊಲ್ಲಾಪುರದಿಂದ ಲಾರಿ ಓಡಿಸಿಕೊಂಡು ಬಂದ ದಿನ ನಿನ್ನ ಗಂಡನ ಊಟ ನನ್ನ ಮನೆಯಲ್ಲೇ.

"ಹೆಣ್ಮಕ್ಕಳಿಗೆ ಇವತ್ತೇನ್ ಹೇಳಿ ಬಂದಿ?" ಎಂದು ಕೇಳಿದ.

"ಏನಿಲ್ಲಪಾ ಅಣ್ಣಾ, ಹೆಂಗಸರ ಜಡ್ಡಿನ ಮಾತು," ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನಿನ್ನ ನಾದಿನಿ,
ಸುವರ್ಣಾ