ಗಿಟಾರಿಗೆ ಹೊಸ ಬಣ್ಣ

ಲೋಹಿತ್,

ನೀನು ಗಾಲ್ವೇಯ ನಮ್ಮ ಬಾಡಿಗೆ ಮನೆಯಲ್ಲಿ ಬಿಟ್ಟುಹೋದ ಗಿಟಾರಿಗೆ ಮನೆ ಮಾಲೀಕರು, ನಮ್ಮ ಕರಾವಳಿ ಕಡೆಯವರೇ ಆದ ಬೆನೆಡಿಕ್ಟ್ ಅಂಕಲ್, ಬಣ್ಣ ಬಳಿದುಬಿಟ್ಟರು. ಲಾಕ್‌ಡೌನಿನಲ್ಲಿ ಬಾಗಿಲು, ಬೇಲಿ ಮುಗಿದ ಮೇಲೆ ಅವರಿಗೆ ಕಂಡದ್ದು ಅದೇ.

“ಪೇಂಟೆಲ್ಲ ಕಿತ್ತು ಹೋಗಿತ್ತು ಮಾರಾಯ್ತಿ. ಈಗ ಗ್ರ್ಯಾಂಡ್ ಆಗಿದೆ ನೋಡು.”

ನೀನು ಪೂಜಿಸುತ್ತಿದ್ದ ಆ ಹೆಸರಾಂತ ಬ್ಲೂಸ್ ವಾದಕನ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಬಣ್ಣ ವರ್ಷಗಟ್ಟಲೆ ಬೆವರಿಗೆ ಸವೆದಿತ್ತು. ನಿನಗೆಲ್ಲಿಯ ತಾಳ್ಮೆ? ನಿನ್ನದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನೀನೇ ಹಾಗೆ ಮಾಡಿಕೊಂಡೆ. ನಿಜವಾಗಿ ಸವೆದದ್ದು ನೀನು ಮೊಣಕೈ ಊರುತ್ತಿದ್ದ ಜಾಗ ಮಾತ್ರ. ಅದೂ ಈಗ ಕೆಂಪಗೆ ಹೊಳೆಯುತ್ತಿದೆ. ನಾನು ಅಂಕಲ್‌ಗೆ ಥ್ಯಾಂಕ್ಸ್ ಹೇಳಿದೆ. ನೀನು ನನ್ನನ್ನು ಬಿಟ್ಟು ಹೊರಟಾಗಲೂ ಬ್ಯಾಗ್ ಎತ್ತಿಕೊಟ್ಟವಳಲ್ಲವೇ.

“ಲೋಹಿತ್‌ಗೆ ಫೋಟೋ ಕಳ್ಸಿದ್ಯಾ? ಎಂತ ಹೇಳಿದ?” ಎಂದು ಅಂಕಲ್ ದಿನಾ ಕೇಳುತ್ತಾರೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿರುವುದನ್ನು ಹೇಗೆ ಹೇಳಲಿ? ತುಂಬಾ ಇಷ್ಟವಾಯಿತಂತೆ ಎಂದುಬಿಟ್ಟೆ.

ಈಗ ಹಿತ್ತಲಲ್ಲಿ ನಿನ್ನ ಸ್ಪೀಕರಿಗೂ ಬಣ್ಣ ಕಲಸುತ್ತಿದ್ದಾರೆ.