ಇವತ್ತು ಹೇಳಿಬಿಟ್ಟೆ, ಅವ್ವ

ಅವ್ವ,

ನೀನು ಹೋಗಿ ಮೂರು ವರ್ಷ ಆಯ್ತು. ಇವತ್ತು ನನ್ನ ರಿಪೋರ್ಟ್ ತರೋಕೆ ಚಳ್ಳಕೆರೆ ಆಸ್ಪತ್ರೆಗೆ ಹೋಗಿದ್ದೆ. ನಿನ್ನ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತಂದಂಥದೇ ವೈರಸ್ಸು ನನ್ನಲ್ಲೂ ಐತಂತೆ. ಕ್ಯಾನ್ಸರ್ ಆಗಿಲ್ಲ, ಈಗಲೇ ಚಿಕಿತ್ಸೆ ಮಾಡಿದ್ರೆ ಸಾಕು ಅಂದ್ರು ಡಾಕ್ಟ್ರಮ್ಮ.

"ಇದು ಹೊಕ್ಕ ಜೀವಕೋಶನಷ್ಟೇ ಕೆಡಿಸಲ್ಲ. ವರ್ಷಗಟ್ಟಲೆ ಉಳಿದ್ರೆ ಸುತ್ತಲ ಜಾಗಾನೂ ತನಗೆ ಬೇಕಾದಂಗೆ ಮಾಡ್ಕೊಳ್ತದೆ. ಕಾವಲಿರೋ ಬಿಳಿ ರಕ್ತಕಣಗಳೂ ನೋಡಿ ಸುಮ್ಮನಿದ್ದುಬಿಡ್ತವೆ. ಅಂಥ ಕಡೆ ಗೆಡ್ಡೆ ಬೆಳೆಯೋದು ಸುಲಭ," ಅಂತ ತಿಳಿಸಿ ಹೇಳಿದ್ರು. ಆಮೇಲೆ, "ಮನೇಲಿ ಯಾರಿಗಾದ್ರೂ ಈ ಕ್ಯಾನ್ಸರ್ ಬಂದಿತ್ತಾ?" ಅಂದ್ರು.

"ಇಲ್ರಿ" ಅಂದುಬಿಟ್ಟೆ.

ಊರಿಗೆ ಬರೋಕೆ ನಾಯಕನಹಟ್ಟಿ ಬಸ್ಸು ಹತ್ತಿದೆ. ಸುಳ್ಳು ಹೇಳಿ ಬಂದು ಕೂರೋಕೆ ಆಗಲಿಲ್ಲ. ಹೊರಡೋ ಹೊತ್ತಿಗೆ ಇಳಿದು ಬಿಸಿಲಲ್ಲೇ ವಾಪಸ್ ನಡೆದೆ. ಡಾಕ್ಟ್ರಮ್ಮ ಊಟಕ್ಕೆ ಎದ್ದಿದ್ರು. ಬಾಗಿಲಲ್ಲೇ ಹೇಳಿದೆ.

"ನಮ್ಮವ್ವಂಗೆ ಬಂದಿತ್ತು ರೀ. ಮುಟ್ಟು ನಿಂತು ಹತ್ತು ವರ್ಷದ ಮೇಲೆ ರಕ್ತ ಹೋಗ್ತಿತ್ತು. ಬಟ್ಟೆ ನಾನೇ ಒಗೀತಿದ್ದೆ. ಯಾರಿಗೂ ಹೇಳಬೇಡ ಅಂದಿದ್ಲು. ಎಂಟು ತಿಂಗಳು ನಾನು ಹೇಳಲಿಲ್ಲ."

ಬೈತಾರೆ ಅಂತ ಕಾದೆ. "ಅಕ್ಕ ತಂಗೀರು ಇದಾರಾ?" ಅಂತಷ್ಟೇ ಕೇಳಿದ್ರು.

"ನನ್ನಿವಾಳ ಊರಾಗೆ ಅಕ್ಕ ಇದಾಳೆ ರೀ."

"ಅವರಿಗೂ ಪರೀಕ್ಷೆ ಮಾಡಿಸೋಣ, ಕರ್ಕೊಂಡು ಬನ್ನಿ."

ಮಂಜಕ್ಕಂಗೆ ಫೋನ್ ಮಾಡಿ ಪರೀಕ್ಷೆಗೆ ಕರೆದೆ. "ನಂಗೇನಾಗೈತೆ?" ಅಂದ್ಲು. "ಬಾ, ಹೇಳ್ತೀನಿ" ಅಂದೆ.

ನಾಳೆ ಹತ್ತು ಗಂಟೆಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಾಗೆ ಸಿಗ್ತಾಳೆ. ನಿನ್ನ ಕಾಯಿಲೆ ಕೊನೇಲಷ್ಟೇ ನಮಗೆಲ್ಲ ಗೊತ್ತಾಯ್ತು ಅಂತ ಅವಳು ಇನ್ನೂ ನಂಬಿದಾಳೆ. ಸಂಜೆಯಿಂದ ಒಳಗೂ ಹೊರಗೂ ತಿರುಗ್ತಾ ಇದೀನಿ. ಅವಳ ಮುಂದೆ ಮೊದಲನೇ ಮಾತು ಏನಂತ ಆಡ್ಲಿ ಅವ್ವ?