ಪಾವಣ್ಯಾನ ಬಿಲ್ಲೆ

11 ನವೆಂಬರ್ 1988, ಶುಕ್ರವಾರ. ಸಂಜೆ

ಊಟ ಮುಗಿಯಿತು. ಸೂರ್ಯ ಇನ್ನೂ ಬೇವಿನ ಮರದ ತುದಿಯಲ್ಲಿದ್ದ. ಕೊನೆಯ ಜೋಳದ ಭಕ್ರಿ ಹಿಡಿದು ಕಟ್ಟೆಗೆ ಬಂದರೆ ನಾಯಿ ಆಗಲೇ ಬಂದು ಕೂತಿದೆ. ಕೆಂದು ಮೈ, ಒಂದು ಕಿವಿ ಮಡಚಿದೆ. ದೀಪಾವಳಿಯ ಒಣಗಿದ ಪಣತಿಗಳ ನಡುವೆ ಏನೂ ಬೀಳಿಸದೆ ಕೂತಿದೆ, ಜಾಣ.

ನಮ್ಮ ಬಸದಿ ಓಣಿಯಲ್ಲಿ ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಆಗಿಬಿಡುತ್ತದೆ. ಉಳಿದದ್ದೆಲ್ಲ ಇದಕ್ಕೇ. ಆದರೆ ಯಾರ ನಾಯಿ ಎಂದು ಕೇಳಿ ನೋಡಿ — ಯಾರದೂ ಅಲ್ಲ! ಜೈನರ ಮನೆಯಲ್ಲಿ ನಾಯಿ ಬೆಕ್ಕು ಸಾಕಬಾರದು. ಹಿಂಸೆ ಮಾಡುವ ಪ್ರಾಣಿ ಸಾಕಿದರೆ ಅದರ ಪಾಪದಲ್ಲಿ ನಮಗೂ ಪಾಲು. ಅದಕ್ಕೇ ನಮ್ಮ ಮನೆಯವರು ಪಾವಣ್ಯಾ ಅಂತ ಕರೆದರು. ಉಂಡು ಹೋಗುವ ನೆಂಟ. ನಾಲ್ಕು ವರ್ಷವಾಯಿತು, ನೆಂಟ ಹೋಗಿಲ್ಲ.

ಉಗಾರದ ಕಡೆಯಿಂದ ಗಾಳಿ. ಸಕ್ಕರೆ ಫ್ಯಾಕ್ಟರಿ ಶುರುವಾಗಿರಬೇಕು, ಪಾಕದ ವಾಸನೆ. ಕಣ್ಣು ಮುಚ್ಚಿದರೆ ಊರೇ ತೇಲಿದ ಹಾಗೆ... ಇವರು ಅಂಗಡಿಯಿಂದ ಬಂದರು. "ಏನ, ಮತ್ತ ಕಣ್ಣ ತೆರದ ನಿದ್ದಿ ಮಾಡಾಕತ್ತೀಯೇನ?" ಎಂದರು. ಹೌದು, ಮಾಡುತ್ತಿದ್ದೆ. ಏನೀಗ?

14 ನವೆಂಬರ್, ಸೋಮವಾರ

ಮಧ್ಯಾಹ್ನ ಅಟ್ಟದ ಮೇಲೆ ಮಂಪರು. ಡಂಗುರದ ಹಲಗೆಯ ಸದ್ದು ಮೊದಲು ನಿದ್ದೆಯೊಳಗೇ ಕೇಳಿತು. ಆಮೇಲೆ ಓಣಿಯಲ್ಲಿ. ಪುರಸಭೆಯ ಲಗಮಪ್ಪ.

"ಕೇಳ್ರೆಪೋ ಕೇಳ್ರಿ! ನಾಯಿ ಸಾಕಿದವರು ಪುರಸಭೆಗೆ ಬಂದು ಹೆಸರ ಬರಸ್ಬೇಕು! ಸೂಜಿ ಹಾಕ್ಸಬೇಕು, ಕೊಳ್ಳಿಗೆ ಬಿಲ್ಲೆ ಕಟ್ಟಬೇಕು, ಮನೀ ಮುಂದ ಕಟ್ಟಿ ಹಾಕ್ಬೇಕು! ಕಡದ್ರ ದಂಡಾ ಮಾಲಕರಿಗೆ! ಬಿಲ್ಲೆ ಇಲ್ಲದ ನಾಯಿ ಗಾಡಿಗೆ ಹಾಕ್ತಾರ್ರೆಪೋ!"

ಹೋದ ವಾರ ಸಂತೆಯಲ್ಲಿ ಹುಚ್ಚುನಾಯಿ ಬಳೆಗಾರನನ್ನು ಕಚ್ಚಿತ್ತು. ಪಾಪ, ಸೂಜಿಗಾಗಿ ಮಿರಜಕ್ಕೆ ಓಡಾಡುತ್ತಿದ್ದಾನೆ. ಕಾನೂನು ತಪ್ಪೆಂದು ಹೇಗೆ ಹೇಳಲಿ? ಗಾಡಿ ಎಲ್ಲಿಗೆ ಹೋಗುತ್ತದೆಂದು ಮಾತ್ರ ಓಣಿಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತು. ವಿಷದ ಉಂಡೆ, ಹಳ್ಳದ ದಂಡೆಯಲ್ಲಿ ಗುಂಡಿ.

ಪಾವಣ್ಯಾ ಹಲಗೆಯ ಹಿಂದೆಯೇ ಬಾಲ ಅಲ್ಲಾಡಿಸುತ್ತ ಓಣಿಯ ತುದಿಯವರೆಗೂ ಹೋಗಿ ಬಂತು.

16 ನವೆಂಬರ್, ಬುಧವಾರ

ಇಂದಿನಿಂದ ಹುಣ್ಣಿಮೆಯವರೆಗೆ ಪರ್ವ. ಬಸದಿಯಲ್ಲಿ ಪೂಜೆ. ಓಣಿಯ ಹಿರಿಯರೆಲ್ಲ ಬಾಪುಸಾಹೇಬ ಕಾಕಾರನ್ನು ಮುಂದೆ ಮಾಡಿಕೊಂಡು ಪುರಸಭೆಯ ಇನ್ಸ್‌ಪೆಕ್ಟರ್ ಹತ್ತಿರ ಹೋಗಿದ್ದರು. ಪರ್ವದಲ್ಲಿ ಜೀವಹತ್ಯೆ ಬೇಡ ಎಂದು ಕೇಳಿಕೊಂಡರಂತೆ. ಅವರು ಒಪ್ಪಿದರಂತೆ. ದೊಡ್ಡ ಗೆಲುವು! ಎಲ್ಲರಿಗೂ ಪೇಢೆ.

"ಹುಣ್ಣಿಮೆ ಮರುದಿನಾ ಏನ್ ಮಾಡೂದ್ರಿ ಕಾಕಾ?" ಎಂದೆ.

"ಆಮ್ಯಾಲಿಂದು ಸರಕಾರದ ಪಾಪ, ನಮ್ದಲ್ಲ ನೋಡವಾ. ಭಕ್ರಿ ಹಾಕೂದು ಪುಣ್ಯ, ಸಾಕೂದು ಪಾಪ. ನಾವು ಹಾಕೇವಿ."

"ಯಾರರ ಒಬ್ಬರು ಹೆಸರ ಕೊಟ್ರ..."

ಎಲ್ಲರ ಕೈ ಮತ್ತೆ ಪೇಢೆಯ ಡಬ್ಬಿಗೆ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಇದು ನಮ್ಮ ಓಣಿಯ ನ್ಯಾಯ. ಸಿಟ್ಟು ಬಂತು. ನನ್ನ ಪೇಢೆ ಪಾವಣ್ಯಾನಿಗೆ ಹಾಕಿದೆ.

18 ನವೆಂಬರ್, ಶುಕ್ರವಾರ

ಲಗಮಪ್ಪ ಚರಂಡಿ ನೋಡಲು ಬಂದಿದ್ದ. ಧೈರ್ಯ ಮಾಡಿ ಕೇಳಿದೆ — ನಿನ್ನ ಹೆಸರಿನಲ್ಲಿ ಬರೆಸುತ್ತೀಯಾ? ಖರ್ಚೆಲ್ಲ ನಮ್ಮದು.

ನಕ್ಕ. "ನನ್ನ ಹೆಸರ್ಲೆ ಬರಸಿದ್ರ ನನ್ನ ಮನೀ ಮುಂದ ಇರಬೇಕ್ರಿ ಅಕ್ಕಾರ. ಅದು ಸಂಜಿಮುಂದ ಎದ್ದು ನಿಮ್ಮ ಓಣಿಗೇ ಬರತೈತಿ. ದಾರ್‍ಯಾಗ ಯಾರಿಗರೆ ಬಾಯಿ ಹಾಕಿದ್ರ?" ಆಮೇಲೆ ನಗು ನಿಲ್ಲಿಸಿ ಹೇಳಿದ: "ಮತ್ತ, ಪಾಪ ಅಂದ್ರ ನನಗೂ ಪಾಪ ಅಲ್ರೇನ್ರಿ? ನಿಮಗ ಬ್ಯಾಡಾದದ್ದು ನನ್ನ ಕೊಳ್ಳಿಗೆ ಯಾಕ ಕಟ್ಟತೀರಿ?"

ನಾಚಿಕೆಯಾಯಿತು. ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

19 ನವೆಂಬರ್, ಶನಿವಾರ

ಬೆಳಗಿನ ಜಾವದ ಕನಸು. ಕೃಷ್ಣೆ ತುಂಬ ಮಂಜು. ನೀರಿನ ಮೇಲೆ ಪಾವಣ್ಯಾ ನಡೆದು ಹೋಗುತ್ತಿದೆ, ಕಾಲು ಒದ್ದೆಯಾಗುತ್ತಿಲ್ಲ. ಕರೆಯಬೇಕು. ಆದರೆ ಹೆಸರೇ ನೆನಪಿಗೆ ಬರುತ್ತಿಲ್ಲ. ಬಾಯಿ ತೆರೆದರೆ ಕಬ್ಬಿನ ಗಾಡಿಯ ಗೆಜ್ಜೆಯ ಸದ್ದು ಮಾತ್ರ. ಎದ್ದ ಮೇಲೂ ಗೆಜ್ಜೆ ಕೇಳುತ್ತಿತ್ತು — ರಸ್ತೆಯಲ್ಲಿ ನಿಜವಾಗಿಯೂ ಗಾಡಿಗಳು ಹೋಗುತ್ತಿದ್ದವು.

ಕನಸನ್ನು ಅತ್ತೆಯವರಿಗೆ ಹೇಳಿದೆ. ಅಕ್ಕಿ ಆರಿಸುತ್ತ ಕೂತಿದ್ದೆ. ಅವರಿಗೆ ಎರಡೂ ಕಣ್ಣಿಗೆ ಪೊರೆ. ವ್ರತ ಹಿಡಿದವರು, ಹುಳ-ಹುಪ್ಪಟೆ ನೋಡದೆ ತುತ್ತು ಎತ್ತುವ ಹಾಗಿಲ್ಲ. ನೋಡುವ ಕಣ್ಣು ನನ್ನದು, ಬಡಿಸುವ ಕೈ ನನ್ನದು. ಬೇರೆಯವರ ಕೈಯ ಊಟ ಮುಟ್ಟುವುದಿಲ್ಲ.

"ನಾನ ಹೆಸರ ಕೊಡ್ಲೇನ್ರಿ ಅತ್ತಿ?"

ಬಹಳ ಹೊತ್ತು ಜಪಮಾಲೆ ತಿರುಗಿಸಿದರು. "ಕೊಡು. ಬ್ಯಾಡ ಅನ್ನಾಂಗಿಲ್ಲ. ಆದ್ರ ನಾಯಿ ಸಾಕಿದ ಕೈಲೆ ನಾ ಹ್ಯಾಂಗ ಉಣ್ಣಲಿ, ಸುಗಂಧಾ?"

ಬೈದಿದ್ದರೆ ಜಗಳವಾಡಬಹುದಿತ್ತು. ಇಷ್ಟು ಮೆತ್ತಗೆ ಕೇಳಿದರೆ ಏನು ಮಾಡಲಿ? ನನಗೆ ತಾಯಿ ಇಲ್ಲ. ಇರುವವರು ಇವರೇ.

22 ನವೆಂಬರ್, ಮಂಗಳವಾರ

ನಾಡಿದ್ದು ಗಾಡಿ, ಇನ್ನು ಕಾಯಲಾಗಲಿಲ್ಲ. ಹೋಗಿ ಬಂದೆ. ಸಹಿ ಮಾಡಿ ಬಂದೆ.

ಹಳೇ ಸೀರೆಯ ಅಂಚು ಹರಿದು ಕೊರಳಿಗೆ ಕಟ್ಟಿದೆ. ಮೊದಲು ದನದ ದವಾಖಾನೆ, ಸೂಜಿ. ಆಮೇಲೆ ಪುರಸಭೆ. ಪೇಟೆಯ ತುಂಬ ನಡೆದೆ, ತಲೆಯ ಮೇಲೆ ಸೆರಗು, ಹಿಂದೆ ನಾಯಿ. ಬಾಪುಸಾಹೇಬ ಕಾಕಾ ಬಸದಿಯ ಮೆಟ್ಟಿಲ ಮೇಲಿಂದ ನೋಡಿದರು, ಆಮೇಲೆ ಆಕಾಶ ನೋಡಿದರು. ನನ್ನ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ... ಎಲ್ಲಾ ಆ ಕನಸಿನ ಹಾಗೆಯೇ.

ಕಾರಕೂನ ಕೇಳಿದ: "ಮಾಲಕರ ಹೆಸರ್ರಿ?"

"ನಂದ ಬರ್ಕೋರಿ."

ಇಷ್ಟೇ. ಹಿತ್ತಾಳೆಯ ಬಿಲ್ಲೆ ಕೊಟ್ಟ. ನಡೆದರೆ ಕಿಣಿಕಿಣಿ ಎನ್ನುತ್ತದೆ.

ಇವರಿಗೆ ಸಂಜೆ ಹೇಳಿದೆ. "ಮಾಡೂದು ಮಾಡಿ ಆಮ್ಯಾಲೆ ಹೇಳತೀ! ಕಟ್ಟಿ ಹಾಕು ಇನ್ನ. ಯಾರಿಗರೆ ಕಡದ್ರ ನಿನ್ನ ಹೆಸರ್ಲೆನ ದಂಡಾ." ಹೋಗಿ ಅಂಗಡಿಯ ಗಂಟು ಕಟ್ಟುವ ದಪ್ಪ ಹಗ್ಗ ತಂದು ಕೊಟ್ಟರು. ಅತ್ತೆಯವರು ಎಲ್ಲ ಕೇಳಿಸಿಕೊಂಡರು. ಒಳಗೆ ಹೋದರು.

ಕಂಬಕ್ಕೆ ಕಟ್ಟಿದೆ. ನೆಂಟನನ್ನು ಕಟ್ಟಿ ಹಾಕುವುದು! ಹಗ್ಗವನ್ನು ನೋಡಿತು, ನನ್ನನ್ನು ನೋಡಿತು. ಭಕ್ರಿ ಮೂಸಿ ಬಿಟ್ಟಿತು.

23 ನವೆಂಬರ್, ಬುಧವಾರ. ಹುಣ್ಣಿಮೆ

ಅತ್ತೆಯವರಿಗೆ ಉಪವಾಸ. ಇಂದೇನೋ ಸರಿ, ವ್ರತದ ಉಪವಾಸ. ನಾಳೆ ಪಾರಣೆ. ನಾಳೆಯೂ ಉಣ್ಣದಿದ್ದರೆ ಅದು ಯಾವ ಉಪವಾಸ?

ನಾಯಿಯೂ ತಿಂದಿಲ್ಲ. ಮನೆಯಲ್ಲಿ ಎರಡು ಜೀವ ನನ್ನ ಕೈಯಿಂದ ತಿನ್ನುತ್ತಿಲ್ಲ.

24 ನವೆಂಬರ್, ಗುರುವಾರ. ಬೆಳಿಗ್ಗೆ

ಎದ್ದಾಗ ಓಣಿಯೆಲ್ಲ ಮಂಜು. ಸ್ನಾನ, ಮಡಿ. ಅಕ್ಕಿ ಆರಿಸಿದೆ, ಮತ್ತೊಮ್ಮೆ ಆರಿಸಿದೆ. ಹೆಸರುಬೇಳೆಯ ಕಟ್ಟು, ಅನ್ನ, ಹಾಲು. ಎಲ್ಲ ಆಗಿದೆ. ಅತ್ತೆಯವರನ್ನು ಊಟಕ್ಕೆ ಕರೆಯಲು ಬಾಯಿ ಬರಲಿಲ್ಲ. ಮುಚ್ಚಿಟ್ಟು ಅಟ್ಟ ಹತ್ತಿ ಬಂದು ಕೂತಿದ್ದೇನೆ.

ನಾನು ಅಟ್ಟ ಹತ್ತುವ ಮೊದಲೇ ಗಾಡಿ ಬಂದು ಹೋಯಿತು. ಮಂಜಿನಲ್ಲಿ ಮೊದಲು ಚಕ್ರದ ಸದ್ದು, ಆಮೇಲೆ ಒಳಗಿದ್ದವುಗಳ ಕುಂಯ್‌ಕುಂಯ್. ಅತ್ತೆಯವರು ಕಟ್ಟೆಯ ಬಾಗಿಲಿಗೆ ಬಂದು ಗೋಡೆ ಹಿಡಿದು ನಿಂತರು. ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಇನ್ಸ್‌ಪೆಕ್ಟರ್ "ಇದು?" ಎಂದರು. ಲಗಮಪ್ಪ ಬಗ್ಗಿ ಬಿಲ್ಲೆ ನೋಡಿದ.

"ಇದಕ್ಕ ಮಾಲಕರ ಅದಾರ್ರಿ ಸಾಹೇಬ್ರ."

ಚಕ್ರ ಮತ್ತೆ ತಿರುಗಿತು. ಹಿಂದಿನ ಓಣಿಯ ಬಿಳಿ ಮರಿಯೂ ಅದರಲ್ಲಿತ್ತು. ಅದಕ್ಕೂ ನಾವೇ ಹಾಕುತ್ತಿದ್ದೆವು, ಎಲ್ಲರೂ. ಅದನ್ನು ಬರೆಯಲಾರೆ.

"ಹೋತೇನ ಗಾಡಿ?" ಅತ್ತೆಯವರು ಕೇಳಿದರು.

"ಹೋತ್ರಿ."

"ಪಾವಣ್ಯಾ?"

"ಇಲ್ಲೇ ಐತ್ರಿ."

"ಮತ್ತ ಈ ಕಿಣಿಕಿಣಿ ಯಾತರದ?"

"ಅದರ ಬಿಲ್ಲೇದ್ರಿ. ನಡಗಾಕತ್ತೈತಿ."

ಆ ಸದ್ದು ಕೇಳುತ್ತ ನಿಂತರು. ಆಮೇಲೆ ಗೋಡೆ ಹಿಡಿದುಕೊಂಡೇ ಒಳಗೆ ಹೋದರು. ನಾನು ಇಲ್ಲಿಗೆ ಬಂದೆ.

ಬಿಸಿಲು ಏರಿದೆ. ಮಂಜು ಕರಗಿ ಬೇವಿನ ಎಲೆಯಿಂದ ತೊಟ್ಟಿಕ್ಕುತ್ತಿದೆ. ಅನ್ನ ಆರಿರಬೇಕು. ಕೆಳಗೆ ಏನೋ ಸದ್ದು... ಮಣೆ ಎಳೆದ ಸದ್ದು. ಅತ್ತೆಯವರ ಊಟದ ಮಣೆ.

ಕರೆಯುತ್ತಿದ್ದಾರೆ. "ಸುಗಂಧಾ! ಗುರುಗಳ ಹಂತೇಕ ಪ್ರಾಯಶ್ಚಿತ್ತ ನಾ ತಗೋತೇನಿ, ಅದು ನನ್ನ ಬಾಬತ್ತು. ನೀ ಇಳದ ಬಾ. ಮೊದಲ ಅದರ ಕೊಳ್ಳಾನ ಹಗ್ಗಾ ಜರಾ ಸಡಲ ಮಾಡು, ಭಕ್ರಿ ಹಾಕು. ಆಮ್ಯಾಲೆ ಕೈ ತೊಳಕೊಂಡ ಬಂದು ನನಗ ಬಡಸು..."

ಬಂದೆ ಎಂದು ಕೂಗಿದೆ. ಕೆಳಗೆ ಬಿಲ್ಲೆ ಕಿಣಿಕಿಣಿ. ಇಳಿಯುತ್ತೇನೆ.